ಮುಚ್ಚಿದ ಪದದ ಬಿಡುಗಡೆ

ಜೋಳದಕಟ್ಟಿ,
ಬಿಡುಗಡೆ ಮಾಸ, ಗಜಲ್ ವಾರದ ಮಂಗಳವಾರ,
ಇಸವಿ ೨೧೭೩

ನಮ್ಮ ವಂಶದ ಹಿರಿಯರಿಗೆ ನೀಲಗಂಗವ್ವ ಮಾಡುವ ಶರಣು ಶರಣಾರ್ಥಿ.

ನೀವು ಹೆಣ್ಣೋ ಗಂಡೋ ನನಗೆ ತಿಳಿಯದು. ನಿಮ್ಮ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ನೆನಪಿಟ್ಟಿಲ್ಲ. ಹಿರಿಯರನ್ನು ಕಂಡರೆ ಮೊದಲು ಶರಣು ಹೇಳಬೇಕು ಎಂದು ನನ್ನ ತಾಯಿ ಕಲಿಸಿದ್ದಾಳೆ, ಅದಕ್ಕೆ ಹೇಳಿದೆ. ಇನ್ನು ಮುಂದೆ ಬರೆಯುವುದೆಲ್ಲ ಜಗಳ. ಓದಲು ಮನಸ್ಸಿಲ್ಲದಿದ್ದರೂ ಓದಿರಿ. ನೀವು ಓದದೆ ಒಪ್ಪಿದ ಒಂದು ಮಾತಿನಿಂದಲೇ ನಾನು ಈ ಕಾಗದ ಬರೆಯಬೇಕಾಗಿ ಬಂದಿದೆ.

ಮೇಲಿನ ತಾರೀಖು ನೋಡಿ ಇವಳಿಗೆ ತಲೆ ಸರಿಯಿಲ್ಲ ಅಂದುಕೊಳ್ಳಬೇಡಿ. ನಿಮ್ಮ ಕಾಲದಲ್ಲಿ ಆಗೊಮ್ಮೆ ಈಗೊಮ್ಮೆ ಅಧಿಕ ಮಾಸ ಬರುತ್ತಿತ್ತಂತೆ, ಅಳಿಯನನ್ನು ಕರೆದು ಊಟ ಹಾಕುತ್ತಿದ್ದರಂತೆ. ಅದು ದೇವರು ಕೊಟ್ಟ ತಿಂಗಳು. ಈಗಿನದು ಕಂಪನಿಗಳು ಮಾಡಿಕೊಂಡ ತಿಂಗಳು. ಹಾಡಿನ ಕಂಪನಿಗಳೆಲ್ಲ ಸೇರಿ ಉಳಿದ ತಿಂಗಳುಗಳ ಬಾಲ ಸ್ವಲ್ಪ ಸ್ವಲ್ಪ ಕತ್ತರಿಸಿ, ಆ ತುಂಡುಗಳನ್ನು ಜೋಡಿಸಿ, ಶ್ರಾವಣದ ಬೆನ್ನಿಗೇ ಏಳು ವಾರದ ಒಂದು ಹೊಸ ತಿಂಗಳು ಹೊಲಿದಿವೆ. ಅದಕ್ಕೆ ಬಿಡುಗಡೆ ಮಾಸ ಎನ್ನುತ್ತಾರೆ. ವರ್ಷದ ಹೊಸ ಆಲ್ಬಂಗಳೆಲ್ಲ ಹೊರಬರುವುದು ಆ ತಿಂಗಳಲ್ಲೇ. ಇದರಿಂದ ಅಮಾವಾಸ್ಯೆ ಒಂದು ಕಡೆ, ಕ್ಯಾಲೆಂಡರು ಇನ್ನೊಂದು ಕಡೆ. ನಮ್ಮ ಮಠದ ಅಯ್ಯನವರು ಚಂದ್ರನನ್ನು ಕಣ್ಣಾರೆ ನೋಡಿಯೇ ಪೂಜೆಯ ದಿನ ಹೇಳುತ್ತಾರೆ.

ನನ್ನ ಕೆಲವು ಶಬ್ದಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಕ್ಷಮಿಸಿ. ನಾನು ಓದಿದ್ದು ಈ ಊರಿನ ಶಾಲೆಯಲ್ಲಿ, ಅದೂ ಏಳನೆಯ ತರಗತಿಯವರೆಗೆ. ಗೊತ್ತಾಗದ ಶಬ್ದವನ್ನು ಬಿಡಿಸಿ ಹೇಳುತ್ತ ಹೋಗುತ್ತೇನೆ. ಈ ಕಾಗದ ತರುವ ಹಿಂದಂಚೆಯಿಂದಲೇ ಶುರು ಮಾಡುವೆ. ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲು ಅದು. ಸ್ವಂತ ರಕ್ತದವರಿಗೆ ಮಾತ್ರ, ಅದೂ ಜೀವಮಾನದಲ್ಲಿ ಒಮ್ಮೆ ಬರೆಯಬಹುದು, ಉತ್ತರ ಬರುವುದಿಲ್ಲ. ನಮ್ಮೂರಿನ ಹೆಚ್ಚಿನ ಗಂಡಸರು ಹೊಲದ ಗಡಿ ಎಲ್ಲಿತ್ತು ಎಂದು ಕೇಳಲಿಕ್ಕೆ ಅದನ್ನು ಬಳಸಿ ಮುಗಿಸಿಬಿಡುತ್ತಾರೆ. ಉತ್ತರವೇ ಬರದ ಟಪಾಲಿನಲ್ಲಿ ಪ್ರಶ್ನೆ ಕೇಳುವ ಜಾಣರು. ನಾನು ಏನೂ ಕೇಳುವುದಿಲ್ಲ, ಹೇಳುತ್ತೇನೆ.

ನಮ್ಮ ಊರು ನೆರಳುಚಪ್ಪರದ ಕೆಳಗಿದೆ. ಬಿಸಿಲು ಈಗ ಮನುಷ್ಯರ ಮೇಲೆ ಬೀಳಬಾರದಂಥ ವಸ್ತು. ಅದಕ್ಕೇ ಮನೆ, ಓಣಿ, ಸಸಿಮಡಿ ಎಲ್ಲದರ ಮೇಲೂ ದಪ್ಪ ಬಟ್ಟೆಯ ಚಪ್ಪರ ಕಟ್ಟಿದ್ದೇವೆ. ನಸುಕಿನಲ್ಲಿ ಎದ್ದು ಹೊಲದ ಕೆಲಸ, ಹೊತ್ತೇರುತ್ತಲೇ ಒಳಗೆ, ಇಳಿಹೊತ್ತಿಗೆ ಮತ್ತೆ ಹೊರಗೆ. ನಡುಹಗಲು ಇಡೀ ಊರು ಮಲಗಿರುತ್ತದೆ. ಜೋಳ ಇನ್ನೂ ಬೆಳೆಯುತ್ತದೆ, ರೊಟ್ಟಿ ಇನ್ನೂ ಬಡಿಯುತ್ತೇವೆ, ಸ್ನಾನ ಮಾಡಿ ಲಿಂಗಪೂಜೆ ಆಗದೆ ನಾನು ಇನ್ನೂ ಬಾಯಿಗೆ ನೀರು ಹಾಕುವುದಿಲ್ಲ. ಇಷ್ಟು ಕೇಳಿ ನಿಮಗೆ ಸಮಾಧಾನ ಆಗುವುದಾದರೆ ಆಗಲಿ. ಮಳೆಗಳಿಗೆ ರೋಹಿಣಿ, ಮಿರಗ, ಆರಿದ್ರ ಎಂದು ಹೆಸರಿದ್ದವಂತೆ. ಆ ಹೆಸರಿನ ಹೊತ್ತಿಗೆ ಈಗ ಮಳೆ ಬರುವುದಿಲ್ಲ. ಮಂದಿ ವರ್ಷವನ್ನು ಹಾಡಿನ ವಾರಗಳಿಂದ ಗುರುತಿಸುತ್ತಾರೆ. ಸಿನಿಮಾ ವಾರದಲ್ಲಿ ಬಿತ್ತಿದ್ದು, ರಾಕ್ ವಾರದಲ್ಲಿ ಎಮ್ಮೆ ಈದದ್ದು, ಹೀಗೆ.

ಬಿಡುಗಡೆ ಮಾಸದಲ್ಲಿ ಮೊದಲು ಸಿನಿಮಾ ಹಾಡಿನ ವಾರ. ಆಮೇಲೆ ರಾಪ್, ರಾಕ್, ಕುಣಿತ, ಭಕ್ತಿ, ಗಜಲ್. ಕೊನೆಗೆ ಜೋಗುಳ. ಪ್ರತಿ ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಹೊಸ ಆಲ್ಬಂಗಳು ನಾಡಿನ ಎಲ್ಲರ ಕಿವಿಗೂ ಒಮ್ಮೆಗೇ ಬರುತ್ತವೆ. ಕಿವಿಗೆ ಎಂದರೆ ಕಿವಿಹರಳಿಗೆ. ಅದು ಓಲೆಯ ಹಾಗೆ ಚುಚ್ಚಿಕೊಳ್ಳುವ ಒಂದು ಸಣ್ಣ ಹರಳು. ನಿಮ್ಮ ಕೈಯಲ್ಲಿ ಇರುತ್ತಿತ್ತಲ್ಲ, ಆ ಫೋನಿನ ಮೊಮ್ಮಗಳು ಅದು. ಕೇಳಿಸುತ್ತದೆ, ಕೇಳಿಸಿಕೊಳ್ಳುತ್ತದೆ. ಒಂದೇ ಹಾಡಿಗೆ ವಾರಕ್ಕೊಂದು ಅಂಗಿ ತೊಡಿಸಿ ಬಿಡುವುದು ಈಗಿನ ಪದ್ಧತಿ. ರಾಪ್ ವಾರದಲ್ಲಿ ಓಡಿದ ಹಾಡು ರಾಕ್ ವಾರದಲ್ಲಿ ಕಿರುಚುತ್ತದೆ, ಗಜಲ್ ವಾರದಲ್ಲಿ ನಿಟ್ಟುಸಿರು ಬಿಡುತ್ತದೆ. ಗೆದ್ದ ಹಾಡು ಜೋಗುಳದವರೆಗೂ ಬಂದು ನಿಲ್ಲುತ್ತದೆ.

ನನಗೆ ಹಾಡಿನ ಮೇಲೆ ಸಿಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಭಜನೆ ಮುದುಕಿ ಒದರುತ್ತಾಳೆ ಎಂದು ಕಾಗದ ಮಡಚಿ ಇಡುತ್ತೀರಿ. ಗಜಲ್ ನನಗೂ ಹಿಡಿಸುತ್ತದೆ. ರಾಪಿನ ಹುಡುಗರು ಮಂತ್ರಿಗಳನ್ನು ಬೈಯುವಾಗ ರೊಟ್ಟಿ ಬಡಿಯುವ ಕೈ ಜೋರಾಗುತ್ತದೆ. ರಾಕ್ ವಾರದಲ್ಲಿ ನಮ್ಮ ಎಮ್ಮೆ ಹಾಲು ಕಡಿಮೆ ಕೊಡುತ್ತದೆ, ಅದೊಂದೇ ತಕರಾರು. ನಮ್ಮ ಮನೆಯಲ್ಲಿ ಬಿಡುಗಡೆ ಮಾಸಕ್ಕೆ ಹಬ್ಬದ ಹಾಗೆ ಕಾಯುತ್ತಿದ್ದವಳು ನನ್ನ ಮಗಳು ದಾಕ್ಷಾಯಣಿ. ನಾವು ದಾಕ್ಷಿ ಎನ್ನುತ್ತಿದ್ದೆವು. ಒಬ್ಬಳೇ ಮಗಳು. ಮದುವೆಯಾದ ಮೇಲೂ ಇದೇ ಊರಲ್ಲಿ, ಎರಡು ಓಣಿ ಆಚೆ ಇದ್ದಳು. ಅಳಿಯ ಫಕೀರಪ್ಪ ಚಪ್ಪರ ಹೊಲಿಯುವ ಕೆಲಸದವನು. ಸೋಮವಾರ ನಸುಕಿಗೆ ಬಂದು ನನ್ನ ಒಲೆಯ ಮುಂದೆ ಕುಳಿತು, ಹೊಸ ಹಾಡುಗಳನ್ನು ಕೇಳುತ್ತ, ಇದು ಚಲೋ, ಇದು ಕಸ ಎಂದು ತೀರ್ಪು ಕೊಡುವುದು ಅವಳ ರೂಢಿ. ನಾನು ವಿಭೂತಿ ಹಚ್ಚಿಕೊಳ್ಳುತ್ತಿದ್ದರೆ, "ಯವ್ವಾ, ನಿನ್ನ ಶಿವಗ ಈ ರಾಪ್ ಒಮ್ಮಿ ಕೇಳಸ ಬೇ, ತಾಂಡವ ಬಿಟ್ಟು ಇದಕ್ಕ ಕುಣೀತಾನ" ಎನ್ನುತ್ತಿದ್ದಳು. ನಾನು ಲಟ್ಟಣಿಗೆ ತೋರಿಸುತ್ತಿದ್ದೆ.

ಎಲ್ಲಿಗಾದರೂ ಹೊರಟರೆ ಅವಳು ಹೋಗಿ ಬರುತ್ತೇನೆ ಎಂದವಳೇ ಅಲ್ಲ. "ಚಾ ಇಡ ಬೇ, ಬಂದೆ" ಎನ್ನುತ್ತಿದ್ದಳು. ಹೊಲಕ್ಕೆ ಹೊರಟರೂ ಅದೇ, ಗಿರಣಿಗೆ ಹೊರಟರೂ ಅದೇ. ಮದುವೆಯಾಗಿ ಗಂಡನ ಮನೆಗೆ ಹೊರಟಾಗ ಎಲ್ಲರೂ ಅಳುತ್ತಿದ್ದರೆ ಬಾಗಿಲಲ್ಲಿ ತಿರುಗಿ ನಿಂತು ಅದನ್ನೇ ಅಂದಳು. ಅಳುತ್ತಿದ್ದವರೆಲ್ಲ ನಕ್ಕರು.

ಕಳೆದ ಚೈತ್ರದಲ್ಲಿ ಗಾಳಿಗೆ ಸಸಿಮಡಿಯ ಚಪ್ಪರ ಹರಿಯಿತು. ನಡುಹಗಲು. ಫಕೀರಪ್ಪ ಪಕ್ಕದ ಊರಿಗೆ ಕೆಲಸಕ್ಕೆ ಹೋಗಿದ್ದ. ಸಸಿಗಳು ಸುಟ್ಟುಹೋಗುತ್ತವೆ ಎಂದು ಇವಳು ಆ ಬಿಸಿಲಲ್ಲಿ ಒಬ್ಬಳೇ ಮೇಲೆ ಹತ್ತಿ, ಬಟ್ಟೆ ಎಳೆದು ಕಟ್ಟಿದಳು. ಕಟ್ಟಿ ಮುಗಿಸಿ ಇಳಿದಳಂತೆ, ನೀರು ಕೇಳಿದಳಂತೆ. ಕೊಡುವುದರೊಳಗೆ ಹೋದಳು. ಸಸಿಗಳೆಲ್ಲ ಉಳಿದವು. ಈ ವರ್ಷ ಊರೆಲ್ಲ ಉಣ್ಣುತ್ತಿರುವ ಮೆಣಸಿನಕಾಯಿ ಅವೇ.

ಈಗ ನಮ್ಮೂರಿನ ಒಂದು ಪದ್ಧತಿ ಹೇಳಬೇಕು. ನಿಮ್ಮ ಕಾಲದಲ್ಲಿ ಇತ್ತೋ ಇಲ್ಲವೋ ತಿಳಿಯದು. ಸತ್ತವರಿಗೆ ಮಣ್ಣು ಕೊಟ್ಟು ಬಂದ ಸಂಜೆ ಹೆಂಗಸರೆಲ್ಲ ಆ ಮನೆಯಲ್ಲಿ ಕೂಡುತ್ತಾರೆ. ಸತ್ತವರು ಬದುಕಿದ್ದಾಗ ಆಡುತ್ತಿದ್ದ ಮಾತುಗಳನ್ನು ಒಬ್ಬೊಬ್ಬರೂ ನೆನಪು ಮಾಡಿ ಹೇಳುತ್ತಾರೆ. ಭಜನೆಯ ಹಿರಿಯಳು ಆ ಮಾತುಗಳನ್ನು ಅಲ್ಲೇ ಪೋಣಿಸಿ ಒಂದು ಪದ ಕಟ್ಟುತ್ತಾಳೆ. ಎಲ್ಲರೂ ಕೂಡಿ ಅದನ್ನು ಒಮ್ಮೆ ಹಾಡುತ್ತಾರೆ, ಒಮ್ಮೆ ಮಾತ್ರ. ಹಾಡಿ ಬಾಯಿ ತೊಳೆದು ತುಟಿಗೆ ವಿಭೂತಿ ಹಚ್ಚಿಕೊಂಡರೆ ಪದ ಮುಚ್ಚಿತು. ಇದಕ್ಕೆ ಮುಚ್ಚುಪದ ಎನ್ನುತ್ತೇವೆ. ಆಮೇಲೆ ಅದನ್ನು ಯಾರೂ ಹಾಡುವಂತಿಲ್ಲ, ಒಂದು ಸಾಲನ್ನೂ ಗುನುಗುವಂತಿಲ್ಲ. ಹೋದ ಜೀವದ ಮಾತುಗಳೆಲ್ಲ ಅದರ ಜೊತೆ ಹೋಗಬೇಕು. ಇಲ್ಲಿ ಯಾರಾದರೂ ಮತ್ತೆ ಹಾಡಿದರೆ ಕರೆದ ಹಾಗಾಗಿ ಅದು ತಿರುಗಿ ನೋಡುತ್ತದೆ, ದಾರಿ ತಪ್ಪುತ್ತದೆ. ಇದು ನಮ್ಮ ನಂಬಿಕೆ. ನಿಮಗೆ ನಗು ಬಂದರೆ ನಗಿರಿ, ಆದರೆ ಹೊರಗೆ ಹೋಗಿ ನಗಿರಿ.

ದಾಕ್ಷಿಯ ಪದ ಕಟ್ಟಿದವಳು ಕಸ್ತೂರೆವ್ವ. ನನ್ನ ತಾಯಿಯ ಗೆಳತಿ, ಭಜನೆಯ ಹಿರಿಯಳು, ಬಾಯಲ್ಲಿ ಒಂದೂ ಹಲ್ಲಿಲ್ಲ, ದನಿ ಮಾತ್ರ ಇನ್ನೂ ಕಂಚು. ಪದದ ಪಲ್ಲವಿ ಏನಿರಬೇಕು ಎಂದು ಯಾರೂ ಕೇಳಲಿಲ್ಲ. ಚಾ ಇಡ ಬೇ, ಬಂದೆ. ಪ್ರತಿ ನುಡಿಯ ಕೊನೆಗೆ ಅದೇ ಬರುತ್ತಿತ್ತು. ಶಿವನ ಬಾಗಿಲಿಗೆ ಹೋಗಿ ಅವಳು ಒಳಗಿನವರಿಗೆ ಅದನ್ನೇ ಕೂಗುತ್ತಾಳೆ ಎಂದು ಕಸ್ತೂರೆವ್ವ ಕೊನೆಯ ನುಡಿಯಲ್ಲಿ ಕಟ್ಟಿದಳು. ಹಾಡಿದೆವು. ಬಾಯಿ ತೊಳೆದೆವು. ನನ್ನ ಮಗಳು ಹೋದಳು ಎಂದು ನನಗೆ ಗೊತ್ತಾದದ್ದು ಮಣ್ಣು ಕೊಟ್ಟಾಗ ಅಲ್ಲ, ತುಟಿಗೆ ವಿಭೂತಿ ತಾಗಿದಾಗ.

ಹಾಡುವ ಮೊದಲು ಕಿವಿಹರಳು ತೆಗೆಯಬೇಕು, ಇದೂ ಪದ್ಧತಿ. ಚಪ್ಪಲಿ ಬಿಟ್ಟು ಗುಡಿಗೆ ಹೋದ ಹಾಗೆ. ಪಟ್ಟಣದವರು ತೆಗೆದ ಹರಳನ್ನು ಸೀಸದ ಡಬ್ಬಿಯಲ್ಲಿ ಹಾಕಿ ಮುಚ್ಚುತ್ತಾರಂತೆ. ನಮ್ಮಲ್ಲಿ ಕೂಸಿದ್ದಾಗ ಚುಚ್ಚಿದ ಹರಳನ್ನು ಬದಲಿಸಿ, ಮದುವೆಯಲ್ಲಿ ತವರಿನವರು ಹೊಸದನ್ನು ಕೊಡುತ್ತಾರೆ. ಅದು ಬಂಗಾರದ ಸಮಾನ, ಲಕ್ಷ್ಮಿ. ಲಕ್ಷ್ಮಿಯನ್ನು ಹೊರಗೆ ಕಟ್ಟೆಯ ಮೇಲೆ ಬಿಸಾಡಲಿಕ್ಕಾಗುತ್ತದೆಯೇ? ಅದಕ್ಕೇ ಎಲ್ಲರ ಹರಳನ್ನೂ ಒಂದು ಮೊರದಲ್ಲಿ ಹಾಕಿ, ಅರಿಷಿನ ಕುಂಕುಮ ಏರಿಸಿ, ದೀಪದ ಮುಂದೆ ಇಡುತ್ತೇವೆ. ದೀಪದ ಸುತ್ತ ನಾವು ಕೂಡುತ್ತೇವೆ. ಕಿವಿಯಿಂದ ತೆಗೆದ ಹರಳೂ ಕೇಳಿಸಿಕೊಳ್ಳುತ್ತಲೇ ಇರುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಊರಿನ ಹೆಂಗಸರೆಲ್ಲರ ಹರಳುಗಳು ಒಂದೇ ಮೊರದಲ್ಲಿ, ಹಾಡುವವರ ಬಾಯಿಯ ಎದುರಿಗೇ. ಇದಕ್ಕಿಂತ ಒಳ್ಳೆಯ ಸ್ಟುಡಿಯೋ ಕಂಪನಿಗೆ ಸಿಗುತ್ತಿರಲಿಲ್ಲ. ನಮ್ಮ ಭಕ್ತಿಯೇ ಅವರಿಗೆ ಮೈಕು ಹಿಡಿಯಿತು.

ಕುಣಿತದ ವಾರದಲ್ಲಿ ಗಿರಣಿಗೆ ಹೋಗಿದ್ದೆ. ಪಾಳಿಯಲ್ಲಿ ನನ್ನ ಮುಂದೆ ನಿಂತ ಇಬ್ಬರು ಹುಡುಗಿಯರು ಪಕ್ಕದ ಊರಿನವರು. ಒಬ್ಬಳು ಸೊಂಟ ತಿರುಗಿಸಿ "ಚಾ ಇಡ ಬೇ" ಅಂದಳು. ಇನ್ನೊಬ್ಬಳು ಚಪ್ಪಾಳೆ ಹೊಡೆದು "ಬಂದೆ" ಅಂದಳು. ಗಿರಣಿಯವನು ಹಿಟ್ಟು ತುಂಬುತ್ತ ತಾನೂ ತಲೆ ಕುಣಿಸಿದ. ನನ್ನ ಕೈಯಲ್ಲಿದ್ದ ಡಬ್ಬಿ ಬಿದ್ದು ಜೋಳ ಚೆಲ್ಲಿತು.

"ಯಾಕಜ್ಜಿ, ಈ ಹಾಡ ನೀವು ಕೇಳಿಲ್ಲೇನು? ಈ ಮಾಸದಾಗ ಇದ ಮುಂದೈತಿ. ಸತ್ತಾಕಿ ಹಾಡ್ಯಾಳಂತ, ಖರೇನ ಸತ್ತಾಕಿ!" ಎಂದಳು ಆ ಹುಡುಗಿ. ಪಾಪ, ಅವಳಿಗೇನು ಗೊತ್ತು. ಜೋಳ ಆರಿಸಿ ಕೊಟ್ಟಳು.

ಮನೆಗೆ ಬಂದು ಹರಳು ಹಾಕಿಕೊಂಡು ಕೇಳಿದೆ. ಹಾಡುತ್ತಿದ್ದವಳು ಕಸ್ತೂರೆವ್ವ ಅಲ್ಲ, ನಾವ್ಯಾರೂ ಅಲ್ಲ. ದಾಕ್ಷಿ ಹಾಡುತ್ತಿದ್ದಳು. ಕಂಪನಿಗೆ ದನಿಕಣಜ ಎಂದು ಒಂದಿದೆ. ಹುಟ್ಟಿನಿಂದ ಸಾವಿನವರೆಗೆ ಹರಳು ಕೇಳಿಸಿಕೊಂಡ ಪ್ರತಿಯೊಬ್ಬರ ದನಿಯನ್ನೂ ಕಾಳಿನ ಹಾಗೆ ತುಂಬಿಟ್ಟ ಜಾಗ ಅದು. ಅಲ್ಲಿಂದ ನನ್ನ ಮಗಳ ದನಿ ತೆಗೆದು, ಅವಳ ಸಾವಿಗೆ ಕಟ್ಟಿದ ಪದವನ್ನು ಅವಳ ಬಾಯಿಂದಲೇ ಹಾಡಿಸಿದ್ದಾರೆ. ಅದು ರಾಪ್ ವಾರದಲ್ಲೂ ಬಂದಿತ್ತಂತೆ. ನಾನು ಆ ವಾರ ರೊಟ್ಟಿ ಬಡಿಯುತ್ತ ಅದನ್ನೂ ಕೇಳಿರಬೇಕು. ಆ ಓಟದಲ್ಲಿ ಹೆತ್ತ ತಾಯಿಗೆ ಮಗಳ ದನಿ ಗುರುತು ಸಿಗಲಿಲ್ಲ. ಇದನ್ನು ಯಾವ ದೇವರ ಮುಂದೆ ಹೇಳಿಕೊಳ್ಳಲಿ?

ಕಸ್ತೂರೆವ್ವನ ಬಳಿ ಓಡಿದೆ. ಅವಳು ಕೇಳಿ, ಹರಳು ಕಿತ್ತು ಒಲೆಗೆ ಎಸೆದಳು. "ಗಂಗವ್ವ, ನಾ ಎಷ್ಟ ಮಂದಿಗೆ ಪದ ಮುಚ್ಚೇನಿ, ಅವರೆಲ್ಲಾ ಈಗ ಯಾರ ಮನಿ ಮದವ್ಯಾಗ ಕುಣ್ಯಾಕತ್ತಾರೋ" ಎಂದು ಕುಸಿದಳು. ಅಂದಿನಿಂದ ಅವಳು ಹಾಡಿಲ್ಲ. ಊರಿನಲ್ಲಿ ಆಮೇಲೆ ಒಬ್ಬ ಮುದುಕ ತೀರಿಕೊಂಡ. ಅವನಿಗೆ ಪದವೇ ಇಲ್ಲದೆ ಕಳಿಸಿದೆವು. ಹೆಂಗಸರೆಲ್ಲ ದೀಪ ನೋಡುತ್ತ ಸುಮ್ಮನೆ ಕುಳಿತೆವು. ಸತ್ತವನ ಒಂದು ಮಾತನ್ನೂ ಬಾಯಿಬಿಟ್ಟು ನೆನೆಯುವ ಧೈರ್ಯ ಯಾರಿಗೂ ಇರಲಿಲ್ಲ. ನಮ್ಮ ಪದ್ಧತಿ ಹೀಗೆ ಸತ್ತಿತು, ಹಿರಿಯರೇ. ಸಾವಿಗೆ ಹಾಡುವ ಪದ್ಧತಿಗೇ ಸಾವು ಬಂತು.

ಭಕ್ತಿ ವಾರದಲ್ಲಿ ಮೊದಲಿಗೆ ಗಂಟೆ ಶಂಖ ಸೇರಿಸಿ, ಚಾ ಇದ್ದಲ್ಲೆಲ್ಲ ತೀರ್ಥ ಮಾಡಿ ಬಿಟ್ಟರು. ತೀರ್ಥ ಇಡ ಬೇ, ಬಂದೆ. ನನ್ನ ಮಗಳು ಹುಟ್ಟಿದಾಗಿನಿಂದ ತೀರ್ಥ ಇಡು ಎಂದವಳಲ್ಲ. ಪೂಜೆಗೆ ಕರೆದರೆ ಹಿತ್ತಲಿಗೆ ಓಡುತ್ತಿದ್ದಳು. ಅವಳಿಗೆ ಇಲ್ಲದ ಭಕ್ತಿಯನ್ನು ಅವಳ ಬಾಯಿಗೆ ತುರುಕಿ ಭಕ್ತರಿಗೆ ಮಾರಿದರು. ಐವತ್ತು ವರ್ಷ ಶಿವನನ್ನು ನಂಬಿದವಳು ನಾನು. ಸುಳ್ಳು ಭಕ್ತಿಗಿಂತ ಅವಳ ಕುಚೋದ್ಯ ಅವನಿಗೆ ಹೆಚ್ಚು ಹತ್ತಿರ ಎಂದು ಬಲ್ಲೆ.

ಜಿಲ್ಲಾ ಊರಿನಲ್ಲಿ ದನಿಕಣಜದ ಕಚೇರಿ ಇದೆ. ನೆರಳುಬಸ್ಸು ಹತ್ತಿ ಹೋದೆ. ಕುಳಿತಿದ್ದವನು ಒಳ್ಳೆಯ ಹುಡುಗ, ಎದ್ದು ಕುರ್ಚಿ ಕೊಟ್ಟ, ಶಾಲು ತಂದು ಹೊದಿಸಲು ಬಂದ.

"ಅಮ್ಮ, ಇದು ನಿಮ್ಮ ಮಗಳಿಗೆ ಸಿಕ್ಕ ಗೌರವ. ಇಷ್ಟು ಜನ ಅವರ ದನಿ ಕೇಳ್ತಿದ್ದಾರೆ" ಎಂದ.

"ತಮ್ಮಾ, ಆಕಿ ಸಾವಿನ ಪದ ಆಕಿ ಕಡೆನ ಹಾಡಿಸಿ ಮಂದೀನ ಕುಣಿಸೀರಿ. ನಾಳೆ ನಿನಗ ಹಿಂಗ ಗೌರವ ಮಾಡಿದ್ರ ನಿಮ್ಮವ್ವ ಶಾಲು ಹೊತಗೊಂತಾಳೇನು?" ಎಂದೆ. ಅವನು ಶಾಲು ಮಡಚಿದ.

ನಮ್ಮನ್ನು ಕೇಳದೆ ಹೇಗೆ ಮಾಡಿದಿರಿ ಎಂದಾಗ ಅವನು ಹೇಳಿದ ಮಾತಿನಿಂದಲೇ ನಿಮ್ಮ ಮೇಲೆ ನನಗೆ ಈ ಸಿಟ್ಟು. ನಮ್ಮ ಕಾನೂನಿನಲ್ಲಿ ವಂಶದ ಒಪ್ಪಿಗೆ ಎಂದು ಒಂದಿದೆ. ಒಂದು ವಂಶದಲ್ಲಿ ಯಾರಾದರೂ ಒಮ್ಮೆ ತಮ್ಮ ದನಿಗೆ ಒಪ್ಪಿಗೆ ಕೊಟ್ಟರೆ ಅದು ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳಿಗೂ ಹರಿದು ಬರುತ್ತದೆ, ಹೊಲದ ಹಾಗೆ. ನಿಮ್ಮ ಕಾಲದಲ್ಲಿ ನಮ್ಮ ಹಿರಿಯರೊಬ್ಬರು ಫೋನಿನಲ್ಲಿ ಯಾವುದೋ ಹೊಸ ಹಾಡು ಕೇಳಲಿಕ್ಕೆ, ಮುಂದೆ ಬಂದ ಉದ್ದನೆಯ ಬರಹ ಓದದೆ, ಒಪ್ಪಿದೆ ಎಂದು ಒತ್ತಿದ್ದಾರಂತೆ. ಅದರಲ್ಲಿ ದನಿಯ ಮಾತೂ ಇತ್ತಂತೆ. ಒತ್ತಿದವರು ನೀವು.

ಯಾವ ಹಾಡಿಗೆ ಒತ್ತಿದಿರಿ? ಅದು ಈಗ ಯಾರಿಗೂ ನೆನಪಿಲ್ಲ. ನಿಮಗೂ ಮುಂದಿನ ವಾರಕ್ಕೆ ಮರೆತಿರುತ್ತದೆ, ಇನ್ನೊಂದು ಆಲ್ಬಂ ಬಂದಿರುತ್ತದೆ. ಅಂಗಡಿಯಲ್ಲಿ ಸೇರು ಅಕ್ಕಿ ತರುವಾಗ ಕಲ್ಲು ಇದೆಯೋ ಎಂದು ಅಂಗೈಯಲ್ಲಿ ಹಾಕಿ ನೋಡುತ್ತಿದ್ದ ಮಂದಿ ನೀವು. ಮಗಳನ್ನು ಕೊಡುವಾಗ ವರನ ಮನೆಯ ಮೂರು ತಲೆಮಾರು ವಿಚಾರಿಸುತ್ತಿದ್ದಿರಿ. ಇನ್ನೂ ಹುಟ್ಟದ ನಮ್ಮ ಬಾಯಿಗಳನ್ನು ಕೊಡುವಾಗ ಕಣ್ಣಾಡಿಸಿಯೂ ನೋಡಲಿಲ್ಲ. ಬರಹ ಉದ್ದ ಇತ್ತು ಎನ್ನಬೇಡಿ. ಉದ್ದ ಇದ್ದರೆ ನಾಳೆ ಓದಬೇಕು, ತಿಳಿಯದಿದ್ದರೆ ತಿಳಿದವರನ್ನು ಕೇಳಬೇಕು, ಅದೂ ಆಗದಿದ್ದರೆ ಆ ಹಾಡು ಬಿಡಬೇಕು. ಒಂದು ಹಾಡು ಕೇಳದಿದ್ದರೆ ಯಾರೂ ಸಾಯುವುದಿಲ್ಲ. ಕೇಳಿದ್ದಕ್ಕೆ ಸತ್ತವಳು ಸಾಯದ ಹಾಗಾಗಿದೆ.

ಹಿಂದಕ್ಕೆ ಪಡೆಯುವ ದಾರಿ ಇಲ್ಲವೇ ಎಂದು ಆ ಹುಡುಗನನ್ನು ಕೇಳಿದೆ. ಇದೆ ಎಂದ. ಹೆತ್ತವಳು, ಗಂಡ, ಇಬ್ಬರೂ ಕೂಡಿ ಕಚೇರಿಗೆ ಬಂದು ಬೇಡ ಎಂದು ಬಾಯಿಬಿಟ್ಟು ಹೇಳಿದರೆ ಮುಂದಿನ ವಾರದ ಬಿಡುಗಡೆ ನಿಲ್ಲುತ್ತದೆ, ಹಿಂದಿನವೂ ಅಳಿಯುತ್ತವೆ. ಒಬ್ಬರು ಹೇಳಿದರೆ ಆಗದು. ಉಳಿದಿರುವುದು ಜೋಗುಳದ ವಾರ, ಬರುವ ಸೋಮವಾರ. ಸಾವಿನ ಪದವನ್ನು ತೊಟ್ಟಿಲ ಕೂಸುಗಳ ಕಿವಿಗೆ ಹಾಕುತ್ತಾರೆ. ಇಂಥ ಅಪಶಕುನ ನಾನು ಕೇಳಿಲ್ಲ. ಕುಣಿಯುವವರು ದೊಡ್ಡವರು, ಅವರ ಪಾಪ ಅವರಿಗೆ. ಕೂಸುಗಳು ಏನು ಮಾಡಿದ್ದವು?

ಬಸ್ಸಿನಿಂದ ಇಳಿದವಳೇ ಫಕೀರಪ್ಪನ ಮನೆಗೆ ಹೋದೆ. ನಡುಹಗಲು, ಬಾಗಿಲು ಅಗುಳಿ ಹಾಕದೆ ಮುಂದೆ ಮಾಡಿತ್ತು. ಚಪ್ಪರದ ಬಟ್ಟೆಯ ರಾಶಿಯ ಮೇಲೆ ಕುಳಿತಿದ್ದ, ಕಿವಿಯಲ್ಲಿ ಹರಳು, ಕಣ್ಣು ಮುಚ್ಚಿದ್ದ. ಏನು ಕೇಳುತ್ತಿದ್ದಾನೆ ಎಂದು ಹೇಳಬೇಕಾಗಿರಲಿಲ್ಲ. ಮುಂದೆ ಎರಡು ಬಟ್ಟಲು ಚಹಾ. ಒಂದು ಮುಟ್ಟಿರಲಿಲ್ಲ.

"ಫಕೀರಪ್ಪಾ, ನಾಳೆ ನಸುಕಿಗೆ ಬಸ್ಸೈತಿ. ಕಚೇರಿಗೆ ಹೋಗಿ ಬ್ಯಾಡ ಅಂದು ಬರೂಣು" ಎಂದೆ.

"ನಾ ಬರೂದಿಲ್ಲರಿ ಅತ್ತಿ."

ಅವನು ನನಗೆ ಎದುರಾಡಿದ್ದು ಅದೇ ಮೊದಲು. ನಾನು ಬೈದೆ. ನೀನು ಹೆಂಡತಿಯನ್ನು ಹಿಡಿದಿಟ್ಟುಕೊಂಡಿದ್ದೀ, ಅವಳು ಶಿವನ ಹೊಸ್ತಿಲಲ್ಲಿ ನಿಂತು ಕಾಲು ನೋಯಿಸಿಕೊಳ್ಳುತ್ತಿದ್ದಾಳೆ, ನಿನಗೆ ಕರುಣೆ ಇಲ್ಲವೇ ಎಂದೆ. ಅವನು ತಲೆ ತಗ್ಗಿಸಿ ಎಲ್ಲ ಕೇಳಿದ. ಆಮೇಲೆ ಹೇಳಿದ:

"ನೀವು ಆಕಿನ್ನ ಹಡದೀರಿ, ನೀವು ಕಳಸಾಕ ತಯಾರ ಅದೀರಿ. ನಾ ಆ ದಿನಾ ಊರಾಗ ಇರಲಿಲ್ಲರಿ. ಆಕಿ ನೀರ ಕೇಳಿದ್ದು ನಾ ಕೇಳಿಲ್ಲ. ನನಗ ಆಕಿ ಬಂದೆ ಅನ್ನೂದು ದಿನಾ ಒಮ್ಮಿ ಬೇಕು."

"ಅದು ಆಕಿ ಅಲ್ಲೋ. ಕಂಪನಿ."

"ಗೊತ್ತೈತ್ರಿ. ಗೊತ್ತಿದ್ದ ಕೇಳ್ತೀನಿ."

ಕೂಸುಗಳ ಮಾತು ತೆಗೆದೆ. ಕೂಸುಗಳ ಕಿವಿಗೆ ಸಾವು ಹಾಕಲು ಬಿಡುತ್ತೀಯೇನೋ ಎಂದೆ. ಆಗ ಅವನು ಮುಖ ಎತ್ತಿ ಇನ್ನೊಂದು ಮಾತು ಹೇಳಿದ. ಅದು ಅವನ ಮನೆಯೊಳಗಿನ ಮಾತು, ಅವನನ್ನು ಕೇಳದೆ ಇಲ್ಲಿ ಬರೆಯುವುದಿಲ್ಲ. ಅಂದು ನಾನು ಎದ್ದು ಬಂದೆ. ಬರುವಾಗ ಆ ಮುಟ್ಟದ ಬಟ್ಟಲನ್ನು ಕಾಲಿನಿಂದ ಒದ್ದು ಬಂದೆ. ಬೇಕೆಂದೇ ಒದ್ದೆ.

ಆದ್ದರಿಂದ ನನಗೆ ಉಳಿದವರು ನೀವೊಬ್ಬರೇ. ಹಿಂದಂಚೆಯ ಕಾಗದ ನೀವು ಒತ್ತುವ ಮೊದಲಿನ ದಿನಕ್ಕೆ ಮುಟ್ಟುವಂತೆ ಹೇಳಿದ್ದೇನೆ. ನಾನು ಕೇಳುವುದು ಇಷ್ಟು. ಒತ್ತಬೇಡಿ. ಆ ಹಾಡು ನಿಮಗೆ ಎಷ್ಟೇ ಹಿಡಿಸಲಿ, ಓಣಿಯವರೆಲ್ಲ ಕೇಳುತ್ತಿರಲಿ, ನೀವೊಬ್ಬರೇ ಹಿಂದೆ ಉಳಿದಿರೆಂದು ಮಂದಿ ಹಂಗಿಸಲಿ. ಫೋನು ಕೆಳಗಿಟ್ಟು ಎದ್ದು ಹೋಗಿ. ಬಾಯಿಗೆ ಬಂದದ್ದನ್ನು ನೀವೇ ಹಾಡಿಕೊಳ್ಳಿ, ಶ್ರುತಿ ತಪ್ಪಲಿ, ಯಾರೂ ಕೇಳದಿರಲಿ. ನೀವು ಒತ್ತದಿದ್ದರೆ ದಾಕ್ಷಿಯ ದನಿ ದನಿಕಣಜಕ್ಕೆ ಹೋಗುವುದಿಲ್ಲ. ಕಸ್ತೂರೆವ್ವನ ಹರಳು ಒಲೆಗೆ ಬೀಳುವುದಿಲ್ಲ. ನಾನು ನನ್ನ ಮಗಳನ್ನು ಒಮ್ಮೆ ಕಳಿಸಿದವಳು, ಒಮ್ಮೆಯೇ ಕಳಿಸಿದ ಹಾಗೆ ಆಗುತ್ತದೆ. ನೀವು ಕೇಳಿದಿರೋ ಇಲ್ಲವೋ ನನಗೆ ತಿಳಿಯುವುದೂ ಇಲ್ಲ. ಕೇಳಿದರೆ ಈ ಕಾಗದ ಬರೆದದ್ದೇ ನನಗೆ ನೆನಪಿರುವುದಿಲ್ಲ ಎನ್ನುತ್ತಾರೆ. ಆಗಲಿ. ಈ ಸಿಟ್ಟು ನೆನಪಿದ್ದು ನನಗೇನು ಆಗಬೇಕು.

ಇಷ್ಟು ಬರೆದು ಮುಗಿಸಿದ್ದೆ. ಇವತ್ತು ಇಳಿಹೊತ್ತಿಗೆ ಫಕೀರಪ್ಪ ಬಂದು ಹೊಸ್ತಿಲ ಹೊರಗೆ ನಿಂತ. ಒಳಗೆ ಬಾ ಎನ್ನಲಿಲ್ಲ ನಾನು. ನೀವು ಹಿಂದಂಚೆಗೆ ಬರೆಯುತ್ತಿದ್ದೀರಂತೆ, ಊರೆಲ್ಲ ಹೇಳುತ್ತಿದೆ, ಅಂದು ಕೊನೆಗೆ ಹೇಳಿದ ನನ್ನ ಮಾತನ್ನು ಅದರಲ್ಲಿ ಹಾಕಿರಿ ಎಂದ. ನಾನು ಯಾಕೆ ಹಾಕಲಿ ಎಂದೆ. ಅವನು ಕೈಮುಗಿದು ನಿಂತೇ ಇದ್ದ. ಈ ಕಾಗದ ಫಲಿಸಿದರೆ ಅವನು ದಿನಾ ಕೇಳುವ ದನಿಯೂ ಹೋಗುತ್ತದೆ ತಾನೆ. ಅವನನ್ನು ಕೇಳದೆ ಆ ಮಾತು ಬರೆದರೆ, ಅಥವಾ ಅವನು ಕೇಳಿಯೂ ಬರೆಯದೆ ಬಿಟ್ಟರೆ, ನಾನೂ ಆ ಕಂಪನಿಯವರೂ ಒಂದೇ ಆಗುತ್ತೇವೆ. ಅದಕ್ಕೇ ಅವನು ನಿಂತು ಹೇಳಿದ ಹಾಗೆ, ಒಂದಕ್ಷರ ಬದಲಿಸದೆ, ಕೆಳಗೆ ಬರೆಯುತ್ತಿದ್ದೇನೆ. ಬರೆದು ಅವನಿಗೆ ಓದಿ ತೋರಿಸಿದ್ದೇನೆ, ಹೌದು ಎಂದಿದ್ದಾನೆ. ಎರಡೂ ಓದಿರಿ. ಓದಿ, ನಿಮ್ಮ ದೇವರನ್ನು ನೆನೆದು, ಆಮೇಲೆ ಬೆರಳು ಎತ್ತುವುದೋ ಇಳಿಸುವುದೋ ನೋಡಿರಿ. ನಾನು ಕೇಳುವುದು ಬದಲಾಗಿಲ್ಲ.

"ಹಿರಿಯಾರ, ನಾ ಫಕೀರಪ್ಪ, ನಿಮ್ಮ ರಕ್ತದಾಂವ ಅಲ್ಲ. ದಾಕ್ಷಿಗೆ ಒಂದ ಕೂಸು ಬೇಕಿತ್ತು. ಆಗಲಿಲ್ಲ. ಆಕಿ ಎಲ್ಲಾರಿಗೂ ನಗಚಾಟಿ ಮಾಡ್ತಿದ್ಲು, ಮನ್ಯಾಗ ಅಳ್ತಿದ್ಲು. ಸೋಮವಾರ ನಾಡಿನ ಕೂಸೆಲ್ಲಾ ಆಕಿ ದನಿಗೆ ಮಲಗ್ತಾವ. ಅತ್ತಿ ಹೇಳೂದು ಖರೆ. ಆದ್ರೂ ಆ ಒಂದ ವಾರಾ ಆಕಿಗೆ ಕೊಡ್ರಿ."